ಮಸಾಲಿ ಡಬ್ಬಿ ಮತ್ತು ಮೋಟರಿನ ದನಿ

ಮಸಾಲಿ ಡಬ್ಬ್ಯಾಗ ಬಟ್ಟಲ ಏಳೇ ಇರತಾವ. ಇಡೀ ಕಿರಾಣಿ ಸಾಮಾನ ಅದರಾಗೇ ತುಂಬ್ತೀನಿ ಅಂದ್ರ ಜೀರಗಿ, ಸಾಸಿವಿ, ಅಕ್ಕಿ, ಬ್ಯಾಳಿ ಎಲ್ಲಾ ಕಲಸಿ ಹೋಗ್ತಾವ. ಒಗ್ಗರಣಿ ಸಾಮಾನ ಅಷ್ಟೇ ಇಟ್ರ ಒಂದೊಂದಕ್ಕ ಒಂದೊಂದು ಬಟ್ಟಲ. ಸಿಗ್ನಲ್ ಅನಲೈಜರ್ ಅಂತ ಮಷೀನ ಅದ, ಅದರ ಗುಟ್ಟೂ ಇಷ್ಟೇ ನೋಡ್ರಿ. ಕಲಬುರಗ್ಯಾಗ ನಮ್ಮ ಮನ್ಯಾಗ ಇದ್ದು ಇಂಜಿನಿಯರಿಂಗ್ ಓದೋ ನಮ್ಮಣ್ಣನ ಮಗಳಿಂದ ನನಗ ತಿಳೀತು.

ನಮ್ಮ ತವರು ಕಮಲಾಪುರ, ಕೆಂಪು ಬಾಳಿ ತೋಟ ಅದ. ಬ್ಯಾಸಗ್ಯಾಗ ಬಾಳಿಗಿ ನೀರು ತಪ್ಪಸೋ ಹಂಗಿಲ್ಲ. ಹೋದ ವರ್ಷ ಅದೇ ಹೊತ್ತಿಗಿ ಬಾವಿ ದಂಡಿ ಮ್ಯಾಲಿನ ಮೋಟರ್ ದನಿ ಬದಲಾತು. ಮೆಕ್ಯಾನಿಕ್ ಬಂದು, "ಕಾಯಿಲ್ ಹೋಗ್ಯಾದ, ಬಿಚ್ಚಿ ರಿವೈಂಡಿಂಗ್ ಮಾಡಬೇಕು" ಅಂದ. ಅಷ್ಟು ದಿನ ನೀರಿಲ್ಲ, ರೊಕ್ಕ ಬ್ಯಾರೆ. ವೈನಿ ಮಾರಿ ಸಣ್ಣದಾತು. "ಅವ್ವಾ, ಜರಾ ತಡಿ" ಅಂತ ಹುಡುಗಿ ಮೋಟರಿಗಿ ಸೆನ್ಸರ್ ಹಚ್ಚಿ, ಸ್ವಿಚ್ ಆರಿಸೋ ತನಕ ನಡುಗೋದನ್ನ ಲ್ಯಾಪ್‌ಟಾಪಿನ್ಯಾಗ ತುಂಬಿಕೊಂಡಳು.

ರಾತ್ರಿ ಕಲಬುರಗಿಗಿ ಬಂದು ನನಗ ತೋರಿಸಿದ್ಳು. ಸೆಕೆಂಡಿಗಿ ಎಷ್ಟು ಸಲ ನಡುಗತದೋ ಅಷ್ಟು ಹರ್ಟ್ಸ್. ಮೊದಲ 0 ರಿಂದ 20,000 ಹರ್ಟ್ಸ್ ತನಕ ಇಟ್ಟಳು. ಈ ಅಗಲಕ್ಕ ಸ್ಪ್ಯಾನ್ ಅಂತಾರ. ಅದನ್ನ 400 ಮನಿ ಮಾಡಿ ಹಂಚಿದ್ರ ಒಂದು ಮನಿಗಿ 50 ಹರ್ಟ್ಸ್. 100ರ ಹತ್ತರ ಒಂದೇ ಗುಡ್ಡ ಕಂಡಿತು. ಚಿತ್ರ ಎಳೆದು ದೊಡ್ಡದು ಮಾಡಿದ್ರ ಗುಡ್ಡ ದಪ್ಪಾತು, ಅಷ್ಟೇ. "ಹಿಗ್ಗಿಸಿದ್ರ ಆಗಂಗಿಲ್ಲ ಅತ್ತಿ, ಸ್ಪ್ಯಾನೇ ಕಡಿಮಿ ಮಾಡಬೇಕು" ಅಂದು 400 ಹರ್ಟ್ಸಿಗಿ ಇಳಿಸಿದ್ಳು. ಮನಿ ಅವೇ 400, ಈಗ ಒಂದಕ್ಕ ಒಂದೇ ಹರ್ಟ್ಸ್. ಗುಡ್ಡ ಒಡದು ಎರಡಾತು: 96ಕ್ಕ ಎತ್ತರದ್ದು, 100ಕ್ಕ ಸಣ್ಣದು.

ಆದ್ರ ಇದು ಪುಕ್ಕಟ ಸಿಗಂಗಿಲ್ಲ. 50 ಹರ್ಟ್ಸಿನ ಮನಿಗಿ ಸೆಕೆಂಡಿನ 50ರಾಗ ಒಂದು ಪಾಲು ಕೇಳಿದ್ರ ಸಾಕು. 1 ಹರ್ಟ್ಸಿಗಿ ಪೂರಾ 1 ಸೆಕೆಂಡ್ ಬೇಕು. ಇಬ್ಬರು ಕೂಡಿ ಒನಕಿಲೆ ಕುಟ್ಟಿದ್ರ ಎರಡು ಪೆಟ್ಟಿನಾಗ ಯಾರು ನಿಧಾನ ಅಂತ ತಿಳಿಯಂಗಿಲ್ಲ. ಜರಾ ಹೊತ್ತು ಕೇಳಿದ್ರ ಪೆಟ್ಟು ಹಿಂದ ಬೀಳೋದು ಗೊತ್ತಾಗತದ.

100 ಕರೆಂಟಿಂದು. ನಮ್ಮ ಕರೆಂಟ್ 50 ಹರ್ಟ್ಸ್, ಅದರ ಎರಡು ಪಟ್ಟಿನ ಗುಂಯ್ ಮೋಟರಿಗಿ ಸಹಜ. ಮೋಟರಿನ ತಗಡಿನ ಮ್ಯಾಲ ನಿಮಿಷಕ್ಕ 2880 ಸುತ್ತು ಅಂತ ಬರದಾರ, ಅಂದ್ರ ಸೆಕೆಂಡಿಗಿ 48; ಅದರ ಎರಡು ಪಟ್ಟು 96. ಇದು ಜೋರ ಇದ್ರ ಮೋಟರ್ ಮತ್ತ ಪಂಪ್ ಕೂಡೋ ಜಾಗ ಸೊಟ್ಟ ಆಗ್ಯಾದೇನು ಅಂತ ಮೊದಲ ನೋಡಬೇಕಂತ. ಸ್ವಿಚ್ ಆರಿಸಿದ ಕ್ಷಣಕ್ಕ 100 ಗಪ್ಪನೆ ಹೋತು. 96 ಮಾತ್ರ ಸುತ್ತು ಕಡಿಮಿ ಆದಂಗ ನಿಧಾನಕ್ಕ ಕೆಳಗ ಇಳೀತು.

ಮರುದಿನ ಮೆಕ್ಯಾನಿಕ್ ಬೋಲ್ಟ್ ಸಡಲಿಸಿ ಜೋಡಣಿ ನೆಟ್ಟಗ ಮಾಡಿದ. ಕಾಯಿಲ್ ಮುಟ್ಟಲಿಲ್ಲ. ಮಧ್ಯಾಹ್ನಕ್ಕ ಬಾಳಿಗಿ ನೀರು ಹರೀತು.

ಅಕ್ಕಾ-ತಂಗೇರೆ, ನಿಮ್ಮ ಹೊಲದ ಮೋಟರ್ ದನಿ ಬದಲಾದ್ರ ಬಿಚ್ಚಸೋಕಿಂತ ಮೊದಲ ಒಂದು ನಿಮಿಷ ಫೋನಿನ್ಯಾಗ ರೆಕಾರ್ಡ್ ಮಾಡಿಕೊಳ್ರಿ. ಸ್ವಿಚ್ ಆರಿಸಿದ ಮ್ಯಾಲಿನ ದನೀನೂ ಅದರಾಗ ಇರಲಿ.