ತಾವು ಏರದ ಎತ್ತರಕ್ಕೆ ಶಿಷ್ಯರನ್ನು ಏರಿಸಿದವರು

ಬೇರೇನೂ ದೊರೆಯದಿದ್ದಾಗ ಹಿಡಿಯುವ ಕೆಲಸವೇ ಮೇಷ್ಟರ ಕೆಲಸ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಲೆಯ ಲೋಕದಲ್ಲಂತೂ ಈ ಮಾತಿನ ಮೊನೆ ಇನ್ನೂ ಹರಿತ. ರಂಗದ ಮೇಲೆ ಮಿಂಚಿದವರಿಗೆ ಚಪ್ಪಾಳೆ, ಮಿಂಚಲಾರದವರಿಗೆ ಪಾಠಶಾಲೆ ಎಂದು ಜನ ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪನ್ನು ತಮ್ಮ ಬದುಕಿನಿಂದಲೇ ತಲೆಕೆಳಗು ಮಾಡಿದ ಒಬ್ಬ ಗುರುವಿನ ಕಥೆಯನ್ನು ಇಂದು ಬರೆಯಬೇಕೆನಿಸಿದೆ. ಅವರು ರಷ್ಯಾದ ಅಗ್ರಿಪ್ಪಿನಾ ವಗನೋವಾ; ಕಲಿಸಿದ್ದು ಬ್ಯಾಲೆ.

ನಮ್ಮಲ್ಲಿ ನೃತ್ಯನಾಟಕವನ್ನೂ ‘ಬ್ಯಾಲೆ’ ಎಂದು ಕರೆಯುವ ರೂಢಿಯುಂಟು. ಇಲ್ಲಿ ಹೇಳುತ್ತಿರುವುದು ಯುರೋಪಿನ ಶಾಸ್ತ್ರೀಯ ನೃತ್ಯದ ಮಾತು. ನಮ್ಮ ಭರತನಾಟ್ಯದ ಅರಮಂಡಿ ನೆಲಕ್ಕೆ ಹತ್ತಿರವಾಗಿ ನಿಂತರೆ, ಬ್ಯಾಲೆಯು ನೆಲದಿಂದ ಬಿಡಿಸಿಕೊಂಡು ಮೇಲೇರಲು ಹಂಬಲಿಸುತ್ತದೆ. ಕಾಲ್ಬೆರಳ ತುದಿಯ ಮೇಲೆ ನಿಲ್ಲುವ, ಗಾಳಿಯಲ್ಲಿ ತೇಲಿದಂತೆ ಜಿಗಿಯುವ ಆ ಸೊಬಗಿನ ಹಿಂದೆ ಬಾಲ್ಯದಿಂದಲೇ ಆರಂಭವಾಗುವ ಹಲವು ವರ್ಷಗಳ ಕಠಿಣ ಸಾಧನೆಯಿದೆ.

ವಗನೋವಾ ಜನಿಸಿದ್ದು 1879ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ತಂದೆ ಮಾರಿನ್‌ಸ್ಕಿ ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದವರು. ಮಗಳು ಅಲ್ಲಿನ ನೃತ್ಯಶಾಲೆಯಲ್ಲಿ ಕಲಿತು, 1897ರಲ್ಲಿ ಅದೇ ರಂಗಮಂದಿರದ ತಂಡವನ್ನು ಸೇರಿದರು. ಆದರೆ ಪ್ರಕೃತಿ ಅವರಿಗೆ ಉದಾರವಾಗಿರಲಿಲ್ಲ. ಮೈಕಟ್ಟಿನಲ್ಲಾಗಲಿ ರೂಪದಲ್ಲಾಗಲಿ ಅಂದಿನ ಕಾಲ ಬಯಸುತ್ತಿದ್ದ ನಾಯಕಿಯ ಲಕ್ಷಣಗಳು ಅವರಲ್ಲಿರಲಿಲ್ಲ. ಆ ಕಾಲದ ಮಹಾ ನೃತ್ಯಸಂಯೋಜಕ ಮಾರಿಯುಸ್ ಪೆತಿಪಾ ಅವರು ಈಕೆಯ ನೃತ್ಯವನ್ನು ಮೆಚ್ಚಿದವರಲ್ಲ. ಚಿಕ್ಕ ಚಿಕ್ಕ ಬಿಡಿ ನೃತ್ಯಗಳಲ್ಲಿ ಅವರ ಚಳಕವನ್ನು ಕಂಡವರು ‘ವೇರಿಯೇಷನ್‌ಗಳ ರಾಣಿ’ ಎಂದು ಕರೆದರೂ, ಪ್ರಧಾನ ನರ್ತಕಿಯ ಪದವಿ ದೊರೆತದ್ದು 1915ರಲ್ಲಿ, ಮರುವರ್ಷವೇ ನಿವೃತ್ತಿ.

ಇಲ್ಲಿಗೆ ಕಥೆ ಮುಗಿದಿದ್ದರೆ ಅವರ ಹೆಸರನ್ನು ಇಂದು ಯಾರು ತಾನೇ ನೆನೆಯುತ್ತಿದ್ದರು?

ಸಹಜವಾಗಿ ಬಾರದ್ದನ್ನು ಅವರು ವಿಚಾರದಿಂದ ದಕ್ಕಿಸಿಕೊಳ್ಳಬೇಕಾಯಿತು. ಇಟಲಿಯ ಎನ್ರಿಕೊ ಚೆಕೆಟ್ಟಿಯವರ ಶಿಷ್ಯರು ಅಷ್ಟು ಸ್ಥಿರವಾಗಿ ಹೇಗೆ ತಿರುಗುತ್ತಾರೆ? ಫ್ರೆಂಚ್ ಪದ್ಧತಿಯ ಮೃದುವಾದ ತೋಳುಗಳಲ್ಲಿ ಬಲ ಏಕೆ ಸಾಲದು? ಬೆನ್ನು ಎಲ್ಲಿ ಬಿಗಿಯಬೇಕು, ತಲೆ ಯಾವ ಕ್ಷಣದಲ್ಲಿ ಹೊರಳಬೇಕು? ದೈವದತ್ತ ಪ್ರತಿಭೆಯುಳ್ಳವರಿಗೆ ಇಂಥ ಪ್ರಶ್ನೆಗಳು ಏಳುವುದೇ ಅಪರೂಪ. ಅವರ ದೇಹವೇ ಉತ್ತರವನ್ನು ಬಲ್ಲದು, ಆದರೆ ಬಾಯಿ ಅದನ್ನು ಹೇಳಲಾರದು. ವಗನೋವಾ ಅವರು ತಮ್ಮ ಕೊರತೆಯಿಂದಾಗಿಯೇ ಪ್ರತಿ ಚಲನೆಯ ಕಾರಣವನ್ನು ಹುಡುಕಿದರು. ಗುರುವಿಗೆ ಬೇಕಾದ ಬಂಡವಾಳ ಅದೇ ಅಲ್ಲವೇ?

1917ರ ಕ್ರಾಂತಿ ಬಂದಿತು. ಪತಿ ತೀರಿಕೊಂಡರು. ಸಂಸಾರದ ಭಾರವೆಲ್ಲ ಹೆಗಲಿಗೆ ಬಿದ್ದ ಆ ದಿನಗಳಲ್ಲಿ ಅವರು ಪಾಠ ಹೇಳಲು ಆರಂಭಿಸಿದರು. 1921ರಲ್ಲಿ ತಾವು ಕಲಿತ ಶಾಲೆಗೇ ಶಿಕ್ಷಕಿಯಾಗಿ ಮರಳಿದರು. ನೃತ್ಯವೆಂದರೆ ಕಾಲುಗಳ ಕೆಲಸ ಮಾತ್ರವಲ್ಲ, ತಲೆ, ಭುಜ, ಬೆನ್ನು, ತೋಳುಗಳೆಲ್ಲವೂ ಒಂದಾಗಿ ದುಡಿಯಬೇಕು ಎಂಬುದು ಅವರ ಪದ್ಧತಿಯ ತಿರುಳು. ತೋಳುಗಳು ಅಲಂಕಾರಕ್ಕಲ್ಲ, ಜಿಗಿತಕ್ಕೂ ತಿರುಗುವಿಕೆಗೂ ಅವು ಬಲ ಕೊಡಬೇಕು. ಒಂದು ಹೆಜ್ಜೆಯನ್ನು ಸರಿಯಾಗಿ ಮಾಡಿ ತೋರಿಸಿದರೆ ಸಾಲದು, ಅದು ಏಕೆ ಸರಿ ಎಂಬುದನ್ನು ವಿದ್ಯಾರ್ಥಿನಿ ಅರಿತಿರಬೇಕಿತ್ತು. ಈ ಅನುಭವವನ್ನೆಲ್ಲ ಅವರು 1934ರಲ್ಲಿ ಪುಸ್ತಕವಾಗಿ ಹೊರತಂದರು. ಅನೇಕ ಭಾಷೆಗಳಿಗೆ ಅನುವಾದಗೊಂಡ ಅದು ಇಂದಿಗೂ ಬ್ಯಾಲೆ ಶಿಕ್ಷಕರ ಕೈಪಿಡಿಯಾಗಿದೆ.

ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಅವರ ಶಿಷ್ಯೆಯರ ಪಟ್ಟಿ. 1925ರಲ್ಲಿ ಹೊರಬಂದ ಮಾರಿನಾ ಸೆಮ್ಯೊನೊವಾ ಗಾಂಭೀರ್ಯಕ್ಕೂ ಬಲಕ್ಕೂ ಹೆಸರಾದವರು. 1928ರ ಗಲಿನಾ ಉಲನೋವಾ ಅವರದು ಅಂತರ್ಮುಖಿಯಾದ ಭಾವಗೀತೆಯಂಥ ನೃತ್ಯ. 1931ರ ನತಾಲಿಯಾ ದುದಿನ್‌ಸ್ಕಾಯಾ ಮಿಂಚಿನ ವೇಗದವರು. ಒಬ್ಬರಂತೆ ಒಬ್ಬರಿಲ್ಲ, ಯಾರೂ ಗುರುವಿನ ಪಡಿಯಚ್ಚೂ ಅಲ್ಲ. ವ್ಯಾಕರಣ ಎಲ್ಲರಿಗೂ ಒಂದೇ ಆದರೂ ಪ್ರತಿಯೊಬ್ಬರೂ ಬರೆಯುವ ವಾಕ್ಯ ಬೇರೆ ಎಂಬುದನ್ನು ಭಾಷೆ ಕಲಿಸಿದ ನಮ್ಮಂಥವರು ಬಲ್ಲೆವು. ಆದರೆ ವ್ಯಾಕರಣವನ್ನು ಬಿಗಿಯಾಗಿ ಕಲಿಸುತ್ತಲೇ ಮಗುವಿನ ಸ್ವಂತ ವಾಕ್ಯವನ್ನು ಉಳಿಸುವುದು ಎಷ್ಟು ಕಷ್ಟವೆಂಬುದೂ ನಮಗೆ ಗೊತ್ತು.

1931ರಿಂದ 1937ರವರೆಗೆ ಅವರು ಅದೇ ರಂಗಮಂದಿರದ ಬ್ಯಾಲೆ ತಂಡದ ಕಲಾ ನಿರ್ದೇಶಕಿಯಾಗಿದ್ದರು. ಆ ಸ್ಥಾನ ಹೋದ ಮೇಲೂ ತರಗತಿಯನ್ನು ಬಿಡಲಿಲ್ಲ. 1951ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಅವರ ಕೊನೆಯ ತರಗತಿಯಿಂದ ಹೊರಬಂದವರು ಇರಿನಾ ಕೊಲ್ಪಕೋವಾ. 1957ರಲ್ಲಿ ಶಾಲೆಗೆ ವಗನೋವಾ ಅವರ ಹೆಸರನ್ನೇ ಇಡಲಾಯಿತು.

ಮುಂದೆ ಆ ಶಿಷ್ಯೆಯರೂ ಗುರುಗಳಾದರು. ಉಲನೋವಾ, ಸೆಮ್ಯೊನೊವಾ ಇಬ್ಬರೂ ಮಾಸ್ಕೋದ ಬೊಲ್ಶೊಯ್ ರಂಗಮಂದಿರದಲ್ಲಿ ದಶಕಗಳ ಕಾಲ ಹೊಸ ಪೀಳಿಗೆಯನ್ನು ತಿದ್ದಿದರು. ಸೆಮ್ಯೊನೊವಾ ತೊಂಬತ್ತು ದಾಟಿದ ಮೇಲೂ ಪಾಠ ಹೇಳುತ್ತಿದ್ದರು. 2010ರಲ್ಲಿ ನಿಧನರಾದಾಗ ಅವರಿಗೆ 101 ವರ್ಷ. ನರ್ತಕಿಯ ರಂಗಜೀವನ ನಲವತ್ತರ ಆಸುಪಾಸಿನಲ್ಲಿ ಮುಗಿಯುವುದೇ ಹೆಚ್ಚು. ಗುರುವಿನ ಆಯುಷ್ಯ ಎಷ್ಟು ದೀರ್ಘ!

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ಇನ್ನು ಕೆಲವರು, ಬಯಸಿದ್ದು ಕೈಗೂಡಲಿಲ್ಲವೆಂದು ಮನಸ್ಸಿನಲ್ಲಿ ಕೊರಗುತ್ತಿರಬಹುದು. ಯಾವುದನ್ನು ಕಲಿಯಲು ನೀವು ಹೆಚ್ಚು ಹೆಣಗಿದಿರೋ ಅದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವ ಅಧಿಕಾರ ನಿಮಗೇ ಹೆಚ್ಚು. ಎಡವಿದ ಮಗುವಿಗೆ ‘ಇಲ್ಲಿ ಕಾಲಿಡು’ ಎಂದು ಹೇಳಬಲ್ಲವರು, ಆ ಕಲ್ಲನ್ನು ತಾವೂ ಒಮ್ಮೆ ಎಡವಿದವರೇ.