ದಣಿದ ರೆಕ್ಕೆಗಳ ತಂಗುದಾಣ

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಸಮೂಹಗಳ ನಡುವೆ, ಫೇರ್ ಐಲ್ ಎಂಬ ದ್ವೀಪವಿದೆ. ಅದರ ಉದ್ದ ಸುಮಾರು 5 ಕಿಲೋಮೀಟರ್ ಮಾತ್ರ. ಮರಗಳೇ ವಿರಳವಾದ ಆ ನೆಲವು ವಸಂತ ಮತ್ತು ಶರತ್ಕಾಲಗಳಲ್ಲಿ ವಲಸೆ ಹಕ್ಕಿಗಳ ಧರ್ಮಛತ್ರವಾಗುತ್ತದೆ. ಶರತ್ಕಾಲದಲ್ಲಿ ಸ್ಕ್ಯಾಂಡಿನೇವಿಯದಿಂದ ದಕ್ಷಿಣಕ್ಕೆ ಹೊರಟ ಹಕ್ಕಿಗಳನ್ನು ಮೂಡಣ ಗಾಳಿಯು ಕಡಲಿನತ್ತ ತಳ್ಳುತ್ತದೆ. ಮಳೆಯೋ ಮಂಜೋ ದಾರಿಗೆಡಿಸಿದಾಗ ದಣಿದ ರೆಕ್ಕೆಗಳಿಗೆ ಈ ದ್ವೀಪವೇ ಆಸರೆ. ಆರು ಗ್ರಾಂ ತೂಗುವ ಗೋಲ್ಡ್‌ಕ್ರೆಸ್ಟ್ ಎಂಬ ಪುಟಾಣಿ ಹಕ್ಕಿಯೂ ಇಲ್ಲಿಳಿದು ಸುಧಾರಿಸಿಕೊಳ್ಳುತ್ತದೆ.

ಈ ದ್ವೀಪಕ್ಕೆ ಮನಸೋತಿದ್ದ ಪಕ್ಷಿಪ್ರೇಮಿ ಜಾರ್ಜ್ ವಾಟರ್‌ಸ್ಟನ್ 1941ರಲ್ಲಿ ಕ್ರೀಟ್‌ನಲ್ಲಿ ಜರ್ಮನ್ನರಿಗೆ ಯುದ್ಧಕೈದಿಯಾದರು. ದೇಹ ಸೆರೆಯಾದರೂ ಮನಸ್ಸು ಸೆರೆಯಾಗಲಿಲ್ಲ. ಶಿಬಿರದಲ್ಲಿದ್ದುಕೊಂಡೇ ಅವರು ಫೇರ್ ಐಲ್‌ನಲ್ಲಿ ಪಕ್ಷಿವೀಕ್ಷಣಾಲಯವೊಂದನ್ನು ಸ್ಥಾಪಿಸುವ ಯೋಜನೆ ಹೆಣೆದರು. 1943ರಲ್ಲಿ ಕಾಯಿಲೆಯ ಕಾರಣ ಬಿಡುಗಡೆಗೊಂಡು ಹಡಗಿನಲ್ಲಿ ಮರಳುವಾಗ, ತಾಯ್ನಾಡಿನ ನೆಲವಾಗಿ ಮೊದಲು ಅವರ ಕಣ್ಣಿಗೆ ಬಿದ್ದುದು ಆ ದ್ವೀಪವೇ! ಮುಂದೆ ಅವರು ಅದನ್ನು ಕೊಂಡುಕೊಂಡರು. ನೌಕಾಪಡೆಯು ಬಿಟ್ಟುಹೋಗಿದ್ದ ಗುಡಿಸಲುಗಳಲ್ಲಿ ವೀಕ್ಷಣಾಲಯ ಆರಂಭವಾಯಿತು.

ಇಂಥ ವೀಕ್ಷಣಾಲಯಗಳಲ್ಲಿ ಹಕ್ಕಿಯನ್ನು ಹಿಡಿಯುವುದು ಬಿಡುವುದಕ್ಕಾಗಿಯೇ. ತೂಗಿ, ರೆಕ್ಕೆಯನ್ನು ಅಳೆದು, ಕಾಲಿಗೆ ಸಂಖ್ಯೆಯುಳ್ಳ ಹಗುರವಾದ ಉಂಗುರ ತೊಡಿಸಿ ಹಾರಿಬಿಡುತ್ತಾರೆ. ಅದೇ ಹಕ್ಕಿ ಮತ್ತೊಂದು ದೇಶದಲ್ಲಿ ದೊರೆತರೆ ಅದರ ಪಯಣದ ಹಾದಿ ತಿಳಿಯುತ್ತದೆ. ಮುಳ್ಳುತಂತಿಯ ಹಿಂದೆ ದಿನಗಳನ್ನು ಎಣಿಸಿದವರಿಗೆ, ತೆರೆದ ಅಂಗೈಯಿಂದ ಹಕ್ಕಿಯು ಹಾರಿಹೋಗುವ ಆ ಗಳಿಗೆಯ ಬೆಲೆ ಚೆನ್ನಾಗಿ ತಿಳಿದಿರಬೇಕು.