ಕಳಚುವ ವಿವೇಕ

ಓಲೆಗರಿಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನನಗೂ ಮೋಟಾರು ಕಾರಿಗೂ ಎಲ್ಲಿಯ ನಂಟು ಎಂದು ವಾಚಕರು ಮುಗುಳ್ನಗಬಹುದು. ಆದರೂ 2019ರ ಬೇಸಿಗೆಯಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದ ಸಮೀಪ ನೆಲಸಿರುವ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಕಂಡ ಸಂಗತಿಯೊಂದು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ.

ಆತನಲ್ಲಿ 1974ರ ಮಾದರಿಯ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರೊಂದಿದೆ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾಗುತ್ತಿದ್ದ ಪುಟ್ಟ ವಾಹನವದು. ನಾನು ಹೋದಾಗ ಶಿಷ್ಯನು ಅದರ ಆಸನವನ್ನು ಕಳಚಿ, ಕೆಳಗಿನ ತಂತಿಗಳನ್ನು ಬಿಡಿಸುತ್ತಿದ್ದನು. ಕೇಳಿದರೆ, "ಗುರುಗಳೇ, ಇದು ಕಾರ್ಖಾನೆಯಲ್ಲೇ ಜೋಡಿಸಿದ ಸುರಕ್ಷಾಸಾಧನ, ತೆಗೆಯುತ್ತಿದ್ದೇನೆ" ಎಂದನು. ನನಗೆ ದಿಗಿಲಾಯಿತು. "ಪ್ರಾಣ ಕಾಯಲೆಂದು ಇಟ್ಟುದನ್ನು ಕಳಚಬಹುದೇನಪ್ಪಾ?" ಎಂದು ಗದರಿದೆನು.

ಆತನು ಸಮಾಧಾನದಿಂದ ವಿವರಿಸಿದನು. 1974ರ ಮಾದರಿಯ ಕಾರುಗಳಿಗಾಗಿ ಅಮೆರಿಕ ಸರ್ಕಾರವು ಒಂದು ನಿಯಮ ಮಾಡಿತ್ತು. ಮೊದಲು ಆಸನದಲ್ಲಿ ಕುಳಿತು, ಅನಂತರ ಬೆಲ್ಟು ಕಟ್ಟಿದರಷ್ಟೇ ಎಂಜಿನ್ ಚಾಲೂ ಆಗಬೇಕು. ಅನುಕ್ರಮ ತಪ್ಪಿದರೆ ಇಲ್ಲ. ಪಕ್ಕದ ಆಸನದಲ್ಲಿ ಭಾರವಾದ ಸಾಮಾನಿನ ಚೀಲವಿಟ್ಟರೂ ಯಂತ್ರವು ಅದನ್ನು ಮನುಷ್ಯನೆಂದೇ ಭಾವಿಸುತ್ತಿತ್ತು! ಜನ ರೋಸಿಹೋದರು. 1974ರ ಅಕ್ಟೋಬರ್ 27ರಂದು ಅಧ್ಯಕ್ಷ ಫೋರ್ಡರು ಸಹಿ ಮಾಡಿದ ಕಾಯಿದೆಯು ಇಂಥ ಕಟ್ಟಳೆಯನ್ನೇ ನಿಷೇಧಿಸಿತು. ಶಿಷ್ಯನ ಕಾರಿನಲ್ಲಿ 45 ವರ್ಷಗಳ ಸವೆತದಿಂದ ಆಸನದ ಕೆಳಗಿನ ಸ್ವಿಚ್ಚುಗಳು ಕೆಟ್ಟು, ನಿಂತ ಕಾರು ನಿಂತಲ್ಲೇ ಉಳಿಯುತ್ತಿತ್ತಂತೆ.

"ಹಾಗಾದರೆ ಬೆಲ್ಟನ್ನೂ ತೆಗೆಯುವೆಯೋ?" ಎಂದೆನು. ಆತನು ಹೊಸದಾಗಿ ತರಿಸಿದ ಬೆಲ್ಟುಗಳನ್ನು ತೋರಿಸಿದನು. "ಪ್ರಾಣ ಕಾಯುವುದು ಇದು, ಗುರುಗಳೇ. ಆ ಪೆಟ್ಟಿಗೆ ನಾನು ಇದನ್ನು ಕಟ್ಟಿಕೊಂಡೆನೇ ಎಂದು ನೋಡುವ ಕಾವಲುಗಾರ. ನಾನು ಕಟ್ಟದೆ ಹೊರಡುವವನಲ್ಲ." ಅಪಘಾತವಾದಾಗ ಚಾಲಕನ ಎದೆಗೆ ಇರಿಯದೆ ಕುಗ್ಗುವ ಸ್ಟೀರಿಂಗ್ ಕಂಬವನ್ನೂ, ಒಂದು ಕೆಟ್ಟರೆ ಇನ್ನೊಂದು ಹಿಡಿಯುವ ಜೋಡಿ ಬ್ರೇಕ್ ವ್ಯವಸ್ಥೆಯನ್ನೂ ಆತನು ಮುಟ್ಟಿರಲಿಲ್ಲ. ಅವೂ ಅಮೆರಿಕದ ನಿಯಮಗಳ ಕಾಲದಲ್ಲಿ ಬಂದವೇ. ಯಾರು ಇಟ್ಟರೆಂಬುದನ್ನು ಬದಿಗಿರಿಸಿ, ಏನು ಮಾಡುತ್ತದೆಂಬುದನ್ನು ನೋಡಿ ಆತನು ತೀರ್ಮಾನಿಸಿದ್ದನು. ತೆಗೆದ ಬಿಡಿಭಾಗಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿ ತಗಡಿನ ಡಬ್ಬಿಯೊಂದರಲ್ಲಿ ಜೋಪಾನವಾಗಿ ಇಟ್ಟಿದ್ದನು.

ಆ ಚೀಟಿಗಳನ್ನು ಕಂಡು ನನ್ನ ತಾರುಣ್ಯದ ಅವಿವೇಕವೊಂದು ನೆನಪಾಯಿತು. ಹಸ್ತಪ್ರತಿಯೊಂದನ್ನು ಪರಿಷ್ಕರಿಸುವಾಗ, ಶೈಲಿ ಹೊಂದದೆಂಬ ಒಂದೇ ಕಾರಣದಿಂದ ಪದ್ಯವೊಂದನ್ನು ಪ್ರಕ್ಷಿಪ್ತವೆಂದು ಹೊಡೆದುಹಾಕಿದ್ದೆನು. ನನ್ನ ವಿದ್ಯಾಗುರುಗಳು, "ಬಿಡುವುದಾದರೆ ಬಿಡು, ಆದರೆ ಬಿಟ್ಟುದನ್ನು ಅಡಿಟಿಪ್ಪಣಿಯಲ್ಲಿ ಬರೆದಿಡು" ಎಂದು ಅಪ್ಪಣೆ ಮಾಡಿದರು. ಮನಸ್ಸಿಲ್ಲದ ಮನಸ್ಸಿನಿಂದ ಬರೆದೆನು. ಕೆಲವು ವರ್ಷಗಳ ತರುವಾಯ ದೊರೆತ ಹಳೆಯ ಪ್ರತಿಯಲ್ಲಿ ಆ ಪದ್ಯವಿತ್ತು; ಅದಿಲ್ಲದೆ ಮುಂದಿನ ಪದ್ಯಕ್ಕೆ ಅನ್ವಯವೇ ಕೂಡುತ್ತಿರಲಿಲ್ಲ. ಅಡಿಟಿಪ್ಪಣಿಯಿಂದಾಗಿ ನನ್ನ ತಪ್ಪನ್ನು ತಿದ್ದಿಕೊಳ್ಳುವುದು ಸಾಧ್ಯವಾಯಿತು.

ಅನಾವಶ್ಯಕವೆಂದು ತೋರಿದುದನ್ನು ಕಳಚುವ ಅಧಿಕಾರವು, ಅದು ಏಕೆ ಬಂದಿತೆಂಬುದನ್ನು ಅರಿತವನಿಗೆ ಮಾತ್ರ ಸಲ್ಲುತ್ತದೆ. ನನ್ನ ಗುರುಗಳಿಂದ ನಾನು ತಡವಾಗಿ ಕಲಿತ ಪಾಠವನ್ನು ನನ್ನ ಶಿಷ್ಯನು, ನಾನು ಹೇಳಿಕೊಡದೆಯೇ, ಕಲಿತಿದ್ದನು. ಅಂದು ಸಂಜೆ ಅದೇ ಕಾರಿನಲ್ಲಿ ಆತನ ಪಕ್ಕದಲ್ಲಿ ಕುಳಿತೆನು. ಕಾವಲುಗಾರನಿರಲಿಲ್ಲ, ಬೆಲ್ಟನ್ನು ನಾನೇ ಕಟ್ಟಿಕೊಂಡೆನು.